ಬೀಗ ಹಾಕಿದ ಮನೆಯನ್ನೂ ಎಣಿಸಿ: ಗುಳೆ ಹೋಗುವ ಊರಿನಲ್ಲಿ ಸಮೀಕ್ಷೆ ಮಾಡುವ ಬಗೆ

ಯಾದಗಿರಿ, ಕಲಬುರಗಿ ಕಡೆಯ ಹಳ್ಳಿ-ತಾಂಡಾಗಳಲ್ಲಿ ಮಳೆ ಕೈಕೊಟ್ಟರೆ ಯಾವ ಮನೆ ಮೊದಲು ಕುಸಿಯುತ್ತದೆಂದು ತಿಳಿಯಲು ಆದಾಯ ಕೇಳಿದರೆ ಸಾಲದು. ಕೂಲಿಯವರ ದುಡಿಮೆ ತಿಂಗಳಿಗೊಂದು ಥರ. ಸಾಲ, ಗುಳೆ, ಮಾರಿದ ಸ್ವತ್ತು ಇವುಗಳನ್ನು ಕೇಳಿ.

ಎರಡು ಸುತ್ತು ಬೇಕು. ತೊಗರಿ ಬಿತ್ತಿದ ಮೇಲೆ ಆಗಸ್ಟ್‌ನಲ್ಲಿ ಒಂದು, ರಾಶಿ ಮುಗಿಸಿ ಜನ ಬೆಂಗಳೂರು, ಪುಣೆ, ಹೈದರಾಬಾದ್ ದಾರಿ ಹಿಡಿದ ಫೆಬ್ರುವರಿಯಲ್ಲಿ ಇನ್ನೊಂದು.

ರೇಷನ್ ಕಾರ್ಡ್ ಪಟ್ಟಿಯನ್ನೇ ನೆಚ್ಚಬೇಡಿ. ಬೇರೆಯಾದ ಮಗ-ಸೊಸೆಯ ಹೆಸರು ಎಷ್ಟೋ ಸಲ ಹಳೇ ಕಾರ್ಡಿನಲ್ಲೇ ಉಳಿದಿರುತ್ತದೆ. ಓಣಿ ಓಣಿ ತಿರುಗಿ, ಬೇರೆ ಅಡುಗೆ ಮಾಡಿಕೊಳ್ಳುವ ಪ್ರತಿ ಸಂಸಾರವನ್ನೂ ಒಂದು ಒಲೆಯೆಂದು ಹಿಡಿದು, ಒಲೆಗೊಂದು ಸಂಖ್ಯೆ ಕೊಡಿ. 240 ಒಲೆಗಳಲ್ಲಿ 40 ಬೇಕಾದರೆ, 1ರಿಂದ 6ರವರೆಗಿನ ಚೀಟಿಯಲ್ಲಿ ಒಂದನ್ನೆತ್ತಿ, ಅಲ್ಲಿಂದ ಪ್ರತಿ ಆರನೆಯ ಒಲೆ ಹಿಡಿಯಿರಿ. ಬೀಗ ಕಂಡರೆ ಪಕ್ಕದ ಮನೆ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಾಗೆ ಮಾಡಿದರೆ ಊರಲ್ಲೇ ನೆಲೆ ನಿಂತವರಷ್ಟೇ ಲೆಕ್ಕಕ್ಕೆ ಬಂದು, ಊರು ಇದ್ದದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಎಲ್ಲಿಗೆ ಹೋದರು, ಯಾವಾಗ, ಮನೆಯಲ್ಲಿ ಯಾರನ್ನು ಬಿಟ್ಟರು ಎಂದು ನೆರೆಯವರನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಸುತ್ತಿನಲ್ಲಿ ಅದೇ ಸಂಖ್ಯೆಯ ಬಾಗಿಲಿಗೆ ಹೋಗಿ.

ಸಾಲದ ಕಾಲಂ ಕೆಡುವುದು ಬಡ್ಡಿಯಲ್ಲಿ. "ನೂರಕ್ಕೆ ಮೂರು" ಅಂದರೆ ತಿಂಗಳ ಬಡ್ಡಿ: 20,000 ರೂಪಾಯಿಗೆ ತಿಂಗಳಿಗೆ 600, ವರ್ಷಕ್ಕೆ 36%. ಬರೀ 3% ಎಂದು ಬರೆದರೆ ಬ್ಯಾಂಕಿನ ಬೆಳೆ ಸಾಲದಂತೆ ಕಂಡು ಇಡೀ ಮನೆಯ ಲೆಕ್ಕ ಸುಳ್ಳಾಗುತ್ತದೆ. ಕೂಲಿಯವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮನಿಂದ (ಮೇಸ್ತ್ರಿಯಿಂದ) ತಂದ ಮುಂಗಡಕ್ಕೆ "ಬಡ್ಡಿ ಇಲ್ರೀ" ಅನ್ನುತ್ತಾರೆ. ಅದೇ ಕೆಲಸಕ್ಕೆ ಮುಂಗಡ ಪಡೆಯದವರ ಕೂಲಿ ಎಷ್ಟೆಂದೂ ಕೇಳಿ. ಕಡಿಮೆ ಸಿಗುವ ಆ ದುಡ್ಡೇ ಬಡ್ಡಿ. ಗಂಡಸರ ಎದುರು ಹೆಣ್ಣುಮಕ್ಕಳು ಸಂಘದ ಸಾಲ, ಅಡವಿಟ್ಟ ಬಂಗಾರದ ಮಾತೆತ್ತದೇ ಇರಬಹುದು. ಅವರನ್ನು ಬೇರೆಯಾಗಿ, ಅವರ ಭಾಷೆ ಬಲ್ಲ ಹೆಣ್ಣುಮಗಳೇ ಮಾತಾಡಿಸಲಿ.

ಕಳೆದ ಬರದಲ್ಲಿ ಮೊದಲು ಏನು ಮಾರಿದಿರಿ, ಆಮೇಲೆ ಏನು ಎಂದು ಕ್ರಮವಾಗಿ ಬರೆಯಿರಿ. ಆಡು ಮಾರಿದವರು ಚೇತರಿಸಿಕೊಳ್ಳಬಹುದು. ಎತ್ತು ಮಾರಿದವರಿಗೆ, ಮಗುವಿನ ಶಾಲೆ ಬಿಡಿಸಿದವರಿಗೆ ಅದು ಬಹಳ ಕಷ್ಟ.

ಅಜ್ಜಿಯ ಹತ್ತಿರ ಬಿಟ್ಟುಹೋದ 6ರಿಂದ 59 ತಿಂಗಳ ಮಕ್ಕಳ ಎಡ ರಟ್ಟೆ ಅಳೆಯಿರಿ. ಮೊಣಕೈ ಮಡಚಿ ಭುಜದ ತುದಿಗೂ ಮೊಣಕೈಗೂ ನಡುವಿನ ಬಿಂದು ಗುರುತಿಸಿ, ಕೈ ಇಳಿಬಿಟ್ಟ ಮೇಲೆ ಟೇಪು ಸುತ್ತಿ, ಚರ್ಮ ಒತ್ತಬಾರದು. 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ವರದಿಗೆ ಕಾಯದೆ, ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ಕಳಿಸಿ.