ಹುರುಳಿ ಒಬ್ಬಳೇ ಮನೆಯಲ್ಲಿರಲು ಕಲಿತದ್ದು

ಕಳೆದ ವರ್ಷ ಏಪ್ರಿಲ್ ಎರಡನೆಯ ವಾರದಲ್ಲಿ, ಮೌಲ್ಯಮಾಪನದ ಕೆಲಸ ಮುಗಿದ ಮರುದಿನವೇ, ನಮ್ಮ ಹಿಂದಿನ ಬೀದಿಯ ಖಾಲಿ ಸೈಟಿನಲ್ಲಿ ಹುಟ್ಟಿದ್ದ ನಾಲ್ಕು ನಾಯಿಮರಿಗಳಲ್ಲಿ ಕೊನೆಗೆ ಉಳಿದಿದ್ದ ಒಂದನ್ನು ಮನೆಗೆ ತಂದೆ. ಸುಮಾರು ಎಂಟು ವಾರದ ಹೆಣ್ಣುಮರಿ. ಮೈಬಣ್ಣ ಹುರುಳಿಕಾಳಿನಂತಿದ್ದುದರಿಂದ ಹೆಸರೂ ಹುರುಳಿ ಎಂದೇ ಆಯಿತು. ನಾನು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಮನೆಯವರು ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನಲ್ಲಿರುತ್ತಾರೆ. ಹೀಗಾಗಿ ಕಾಲೇಜು ನಡೆಯುವ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಮನೆಗೆ ಬೀಗ. ಜೂನ್ 1ರಂದು ತರಗತಿಗಳು ಆರಂಭವಾಗುವವರೆಗೆ ಏಳು ವಾರಗಳಿವೆ, ಅಷ್ಟರಲ್ಲಿ ಮರಿಗೆ ಒಬ್ಬಳೇ ಇರುವುದು ಅಭ್ಯಾಸವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ತಪ್ಪಾಗಿತ್ತು.

ಐದನೆಯ ದಿನ ಬ್ಯಾಂಕಿನಲ್ಲಿ ಒಂದು ಸಹಿ ಹಾಕಿ ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೊರಟವಳು, ಅಲ್ಲಿನ ಸಾಲಿನಲ್ಲಿ ಸಿಕ್ಕಿಕೊಂಡು ಹಿಂತಿರುಗುವಾಗ ಒಂದು ಗಂಟೆ ದಾಟಿತ್ತು. ಗೇಟು ತೆರೆಯುವಾಗ ಒಳಗಿನಿಂದ ಸದ್ದೇ ಇರಲಿಲ್ಲ. ನಿದ್ದೆ ಮಾಡಿರಬೇಕು ಎಂದು ಸಮಾಧಾನಪಟ್ಟೆ. ಬಾಗಿಲು ತೆಗೆದರೆ ಹುರುಳಿ ಹೊಸ್ತಿಲಿಗೆ ಅಂಟಿಕೊಂಡಂತೆ ಕುಳಿತಿದ್ದಳು. ಕತ್ತಿನಿಂದ ಎದೆಯವರೆಗೂ ಜೊಲ್ಲಿನಿಂದ ಒದ್ದೆ, ರೆಡ್ ಆಕ್ಸೈಡ್ ನೆಲದ ಮೇಲೆ ಎರಡು ಕಡೆ ಉಚ್ಚೆ, ಬಾಗಿಲಿನ ಕೆಳಪಟ್ಟಿಯಲ್ಲಿ ಪುಟ್ಟ ಉಗುರುಗಳಿಂದ ಕೆರೆದ ಬಿಳಿಯ ಗೆರೆಗಳು. ಸದ್ದು ಬಾರದೆ ಇದ್ದುದಕ್ಕೆ ಕಾರಣ, ಅತ್ತು ಅತ್ತು ಅವಳ ಗಂಟಲು ಕಟ್ಟಿಹೋಗಿದ್ದುದು. ಆ ದಿನದ ನಂತರ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡರೂ ಅವಳು ಹೊರಗೆ ನಿಂತು ಕೀರಲು ದನಿಯಲ್ಲಿ ಅಳತೊಡಗಿದಳು. ಅದಕ್ಕೂ ಮೊದಲು ಆ ಬಾಗಿಲನ್ನು ಅವಳು ಗಮನಿಸಿದ್ದೇ ಇಲ್ಲ.

ಲಸಿಕೆಗೆ ಕರೆದೊಯ್ದಾಗ ನಮ್ಮ ಪಶುವೈದ್ಯರು ಇದು ಹಟವಲ್ಲ, ಭಯ ಎಂದರು. ಎಂಟರಿಂದ ಹನ್ನೊಂದು ವಾರಗಳ ನಡುವೆ ಮರಿಗಳಲ್ಲಿ ಹೆದರಿಕೆ ಬೇಗ ನಾಟಿಕೊಳ್ಳುತ್ತದೆ. ತಾಯಿ ಮತ್ತು ಒಡಹುಟ್ಟಿದವರ ಮೈಗೆ ಮೈ ಒತ್ತಿ ಮಲಗಿದ್ದ ಪ್ರಾಣಿಗೆ ಒಂಟಿತನವೆಂದರೆ ಅಪಾಯವೇ ಹೊರತು ಬೇಸರವಲ್ಲ. ಹಾಗೆ ಹೆದರಿದ ಮರಿಯನ್ನು ಅಳಲಿ ಬಿಡಿ, ತಾನಾಗಿ ಸುಮ್ಮನಾಗುತ್ತದೆ ಎಂದು ಬಿಟ್ಟರೆ ಅದು ಧೈರ್ಯವನ್ನು ಕಲಿಯುವುದಿಲ್ಲ. ಚಿಲಕದ ಸದ್ದು ಕೇಳಿದ ಮೇಲೆ ಭಯ ಬರುತ್ತದೆ ಎಂಬುದನ್ನು ಕಲಿಯುತ್ತದೆ. ಹಾಗಾದರೆ ಮಾಡಬೇಕಾದ್ದು ಒಂದೇ: ಭಯ ಹುಟ್ಟುವುದಕ್ಕೆ ಮೊದಲೇ ಹಿಂತಿರುಗುವುದು, ಮತ್ತು ಆ ಗಡುವನ್ನು ಮರಿಗೆ ಗೊತ್ತಾಗದಷ್ಟು ನಿಧಾನವಾಗಿ ಹಿಂದಕ್ಕೆ ತಳ್ಳುತ್ತ ಹೋಗುವುದು.

ಕೇಳುವುದಕ್ಕೆ ಸುಲಭವಾಗಿರುವ ಈ ಮಾತಿನಲ್ಲಿ ಒಂದು ಕಠಿಣವಾದ ಷರತ್ತು ಅಡಗಿದೆ. ಅಭ್ಯಾಸ ನಡೆಯುವಷ್ಟು ದಿನವೂ ಮರಿಯನ್ನು ಅದರ ಶಕ್ತಿಗೆ ಮೀರಿ ಒಮ್ಮೆಯೂ ಒಂಟಿಯಾಗಿ ಬಿಡುವಂತಿಲ್ಲ. ಬೆಳಿಗ್ಗೆ ಇಪ್ಪತ್ತು ಸೆಕೆಂಡುಗಳ ಪಾಠ ಮಾಡಿ ಮಧ್ಯಾಹ್ನ ಎರಡು ಗಂಟೆ ಬೀಗ ಹಾಕಿ ಹೋದರೆ ಬೆಳಗಿನ ಪಾಠ ನೀರಿನಲ್ಲಿ ಹೋಮ ಮಾಡಿದಂತೆ. ತರಬೇತಿಗಿಂತ ಈ ಏರ್ಪಾಡೇ ನನಗೆ ಹೆಚ್ಚು ಕಷ್ಟವಾಯಿತು ಎಂದು ಹೇಳಬೇಕು. ದಿನಸಿಯನ್ನು ಮನೆಗೇ ತರಿಸಿಕೊಂಡೆ; ಎರಡು ಮದುವೆಗಳನ್ನು ತಪ್ಪಿಸಿಕೊಂಡೆ, ಅದರಲ್ಲಿ ಒಂದರ ಮುನಿಸು ಇನ್ನೂ ಇಳಿದಿಲ್ಲ; ಹೊರಗೆ ಹೋಗಲೇಬೇಕಾದಾಗ ಪಕ್ಕದ ಮನೆಯ ಅಜ್ಜಿ ತಮ್ಮ ಹೂಬತ್ತಿ ಹೊಸೆಯುವ ಹತ್ತಿಯ ಡಬ್ಬಿಯನ್ನು ಹಿಡಿದು ನಮ್ಮ ಹಜಾರಕ್ಕೆ ಬಂದು ಕೂರುತ್ತಿದ್ದರು. ಅವರು ನಾಯಿಯನ್ನು ಮುಟ್ಟುವವರಲ್ಲ. ಆದರೆ ಹುರುಳಿಗೆ ಬೇಕಾಗಿದ್ದದ್ದು ನಾನೇ ಅಲ್ಲ, ಯಾರಾದರೊಬ್ಬ ಮನುಷ್ಯರು. ಅಜ್ಜಿ ಒಂದಡಿ ದೂರದಲ್ಲಿ ಬತ್ತಿ ಹೊಸೆಯುತ್ತಿದ್ದರೆ ಅವಳು ನಿಶ್ಚಿಂತೆಯಿಂದ ಮಲಗುತ್ತಿದ್ದಳು. ಈ ವ್ಯತ್ಯಾಸವನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ನಾಯಿಗಳು ಒಬ್ಬರನ್ನೇ ಹಚ್ಚಿಕೊಂಡಿರುತ್ತವೆ ಮತ್ತು ಅಂಥವಕ್ಕೆ ಬೇರೆಯವರ ಕಾವಲು ಸಾಲುವುದಿಲ್ಲ.

ಪಾಠವನ್ನು ಮನೆಯೊಳಗಿನಿಂದಲೇ ಆರಂಭಿಸಿದೆ. ಹಜಾರಕ್ಕೂ ಅಡುಗೆಮನೆಗೂ ನಡುವೆ, ಅಕ್ಕನ ಮಗು ಅಂಬೆಗಾಲಿಡುವಾಗ ಹಾಕಿಸಿದ್ದ ಮೊಣಕಾಲೆತ್ತರದ ಮರದ ಅಡ್ಡಗೇಟು ಇನ್ನೂ ಇತ್ತು. ಅದರ ಆಚೆಗೆ ಹುರುಳಿಯ ಹಾಸಿಗೆ, ನೀರು, ಜಗಿಯಲು ಒಂದು ರಬ್ಬರಿನ ಆಟಿಕೆ. ಈಚೆಗೆ ನಾನು ಸಾರಿಗೆ ಒಗ್ಗರಣೆ ಹಾಕುತ್ತ ನಿಂತಿರುತ್ತಿದ್ದೆ. ಅವಳಿಗೆ ನಾನು ಕಾಣುತ್ತೇನೆ, ಆದರೆ ಕೈಗೆ ಸಿಗುವುದಿಲ್ಲ. ಎರಡು ದಿನಗಳಲ್ಲಿ ಇದು ಒಗ್ಗಿತು. ಬಳಿಕ ಕಣ್ಣಿಗೆ ಮರೆಯಾಗುವಂತೆ ಫ್ರಿಜ್ಜಿನ ಹಿಂದಕ್ಕೆ ಒಂದು ಹೆಜ್ಜೆ, ಬಳಿಕ ಬಚ್ಚಲುಮನೆಯ ಬಾಗಿಲನ್ನು ಅರ್ಧ ಮುಚ್ಚುವುದು, ಪೂರ್ತಿ ಮುಚ್ಚುವುದು. ಮುಂಬಾಗಿಲಿಗೆ ಬರುವ ಹೊತ್ತಿಗೆ ಒಂದು ವಾರ ಕಳೆದಿತ್ತು. ರಾತ್ರಿ ಮಾತ್ರ ನನ್ನ ಮಂಚದ ಪಕ್ಕದಲ್ಲೇ ಮಲಗಿಸಿಕೊಂಡೆ. ಹಾಗೆ ಮಾಡಿದರೆ ಅಂಟಿಕೊಳ್ಳುತ್ತದೆ ಎಂದು ಹೆದರಿಸಿದವರಿದ್ದರು. ರಾತ್ರಿ ನೆಮ್ಮದಿಯಾಗಿ ಮಲಗಿದ ಮರಿ ಹಗಲಿನಲ್ಲಿ ಹೆಚ್ಚು ಧೈರ್ಯವಾಗಿರುತ್ತದೆ ಎಂಬುದೇ ನಾನು ಕಂಡದ್ದು.

ಹಳೆಯ ಹಾಜರಿ ಪುಸ್ತಕವೊಂದರ ಹಿಂದಿನ ಹಾಳೆಗಳಲ್ಲಿ ಲೆಕ್ಕ ಬರೆದಿಡುತ್ತಿದ್ದೆ. ಒಂದು ದಿನದ ಸಾಲು ಹೀಗಿದೆ: 3 ಸೆಕೆಂಡು, 8, 5, 12, 2, 15, 6. ಇವು ಏರುತ್ತಲೇ ಹೋಗುವ ಸಂಖ್ಯೆಗಳಲ್ಲ. ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಹೊರಗಿದ್ದರೆ, ಪ್ರತಿ ಸಲವೂ ಕಷ್ಟ ಹೆಚ್ಚಾಗುತ್ತದೆ ಎಂದು ಮರಿ ಬೇಗ ಕಂಡುಕೊಳ್ಳುತ್ತದೆ. ನಡುನಡುವೆ ಸುಲಭದ ಸರದಿ ಬರುತ್ತಿದ್ದರೆ ಬಾಗಿಲಿನ ಕಡೆಗೆ ನಿಗಾ ಇಡುವುದನ್ನೇ ಬಿಟ್ಟುಬಿಡುತ್ತದೆ. ಆರಂಭದಲ್ಲಿ ಒಂದು ಪಾಠ ಒಟ್ಟು ಹದಿನೈದು ನಿಮಿಷಕ್ಕಿಂತ ಹೆಚ್ಚಿಲ್ಲ, ದಿನಕ್ಕೆ ಒಂದೇ ಪಾಠ, ಭಾನುವಾರ ರಜೆ. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ಬಾಗಿಲು ಹಾಕಿ, ಗೋಡೆಗೊರಗಿ ಸೆಕೆಂಡು ಎಣಿಸಿ ಮತ್ತೆ ಒಳಗೆ ಬರುವುದನ್ನು ಕಾಂಪೌಂಡಿನ ಆಚೆಯಿಂದ ನೋಡಿದ ಅಜ್ಜಿ, "ಏನಮ್ಮಾ, ನಾಯಿಗೂ ಎಲ್‌ಕೆಜಿ ಶುರುವಾಯ್ತಾ?" ಎಂದು ಕೇಳಿದ್ದರು.

ಎಲ್ಲವೂ ಸರಿಯಾಗಿ ನಡೆಯುತ್ತಿದ್ದಾಗಲೂ ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಸಂಜೆಯ ಪಾಠದಲ್ಲಿ ಒಂದು ನಿಮಿಷ ಸುಮ್ಮನಿರುತ್ತಿದ್ದ ಹುರುಳಿ, ನಾನು ನಿಜವಾಗಿ ಹೊರಡಬೇಕಾದ ದಿನ, ಅಜ್ಜಿ ಬಂದು ಕೂರುವುದಕ್ಕೆ ಬಹಳ ಮೊದಲೇ ಉಬ್ಬಸ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಚಪ್ಪಲಿ, ಬೀಗದ ಕೈ, ಸ್ಕೂಟರಿನ ಸದ್ದು ಎಲ್ಲವನ್ನೂ ಆಗಲೇ ಸವೆಸಿಹಾಕಿದ್ದೆ. ಅಂದರೆ ಬೀಗದ ಕೈಯನ್ನು ಕುಲುಕಿ ಟಿವಿ ನೋಡುತ್ತ ಕೂರುವುದು, ಸ್ಕೂಟರ್ ಚಾಲೂ ಮಾಡಿ ನಿಲ್ಲಿಸಿ ಒಳಗೆ ಬರುವುದು, ಹೀಗೆ ಆ ಸದ್ದುಗಳಿಗೆ ಯಾವ ಅರ್ಥವೂ ಇಲ್ಲ ಎನ್ನುವಷ್ಟು ಸಲ ಮಾಡಿದ್ದೆ. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನೆರಿಗೆ ಹಿಡಿಯುತ್ತಿದ್ದಾಗ ಅದರಲ್ಲೇ ಅವಳ ಮುಖ ಕಾಣಿಸಿತು. ಗಾಢವಾಗಿ ಮಲಗಿದ್ದವಳು ತಲೆ ಎತ್ತಿದಳು. ಸೆರಗಿಗೆ ಪಿನ್ನು ಚುಚ್ಚಿ ಅದರ ಕೊಂಡಿ ಚಿಟಕ್ಕೆಂದು ಕೂತ ಕೂಡಲೇ ಕಿವಿಗಳೆರಡೂ ಹಿಂದಕ್ಕೆ ಹೋದವು, ನಾಲಿಗೆ ಒಂದು ಸಲ ಮೂಗನ್ನು ಸವರಿತು, ಎದ್ದು ಬಂದು ಹೊಸ್ತಿಲ ಬಳಿ ಕುಳಿತಳು. ಮನೆಯಲ್ಲಿ ನಾನು ಉಡುವುದು ನೈಟಿ, ತರಬೇತಿಯ ಹೊತ್ತಿಗೂ ನೈಟಿಯೇ. ಸೀರೆ ಉಟ್ಟೆನೆಂದರೆ ಹೊರಟೆನೆಂದೇ ಅರ್ಥ. ಅವಳ ಪಾಲಿಗೆ ನಾನು ಮನೆ ಬಿಡುತ್ತಿದ್ದದ್ದು ಬಾಗಿಲಿನಲ್ಲಲ್ಲ, ಕನ್ನಡಿಯ ಮುಂದೆ, ಇಪ್ಪತ್ತು ನಿಮಿಷ ಮುಂಚೆಯೇ.

ಹಾಗಾಗಿ ಮೇ ತಿಂಗಳ ಸೆಖೆಯಲ್ಲಿ ಹತ್ತು ದಿನ ನಾನು ಮನೆಯಲ್ಲಿ ಕಾಟನ್ ಸೀರೆ ಉಟ್ಟು, ಪಿನ್ನು ಹಾಕಿ, ನೆಲ ಒರೆಸಿದೆ, ದೋಸೆಹಿಟ್ಟು ರುಬ್ಬಿದೆ, ಮಧ್ಯಾಹ್ನ ಅದರಲ್ಲೇ ಮಲಗಿದೆ. ಪಿನ್ನನ್ನು ಸುಮ್ಮನೆ ಹಾಕಿ ತೆಗೆಯುತ್ತ ಕುಳಿತೆ. ನಾಲ್ಕನೆಯ ದಿನಕ್ಕೆ ಅವಳು ಪಿನ್ನಿನ ಸದ್ದಿಗೆ ಕಣ್ಣು ಮಾತ್ರ ತೆರೆದಳು. ಎಂಟನೆಯ ದಿನಕ್ಕೆ ಅದೂ ಇಲ್ಲ. ನಾಯಿ ಸಾಕಿದ ಪ್ರತಿಯೊಬ್ಬರ ಮನೆಯಲ್ಲೂ ಇಂಥದೊಂದು ಪಿನ್ನು ಇರುತ್ತದೆ ಎಂದು ನನಗೆ ಖಾತ್ರಿಯಾಗಿದೆ. ಅದು ಊಟದ ಡಬ್ಬಿಯ ಮುಚ್ಚಳವಿರಬಹುದು, ಪೌಡರಿನ ವಾಸನೆಯಿರಬಹುದು, ಗ್ಯಾಸಿನ ರೆಗ್ಯುಲೇಟರನ್ನು ತಿರುಗಿಸುವ ಸದ್ದಿರಬಹುದು.

ಮರಿ ನಿಜಕ್ಕೂ ನೆಮ್ಮದಿಯಾಗಿದೆಯೇ ಎಂಬುದನ್ನು ಬಾಗಿಲಿನ ಹೊರಗೆ ನಿಂತು ಕಿವಿಯಿಂದ ತಿಳಿಯಲಾಗದು. ಅಳದೆಯೂ ಹೆದರುವ ನಾಯಿಗಳಿವೆ. ಹಳೆಯ ಮೊಬೈಲೊಂದನ್ನು ಟಿವಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರಿಂದ ನನ್ನ ಫೋನಿಗೇ ವಿಡಿಯೊ ಕರೆ ಮಾಡಿಕೊಂಡು, ನನ್ನ ಕಡೆಯ ಧ್ವನಿಯನ್ನು ಮುಚ್ಚಿ ನೋಡುತ್ತಿದ್ದೆ. ಸೆಖೆಯಿಲ್ಲದಿದ್ದರೂ ಏದುಸಿರು, ನಿದ್ದೆಯಿಲ್ಲದ ಆಕಳಿಕೆ, ಮತ್ತೆ ಮತ್ತೆ ತುಟಿ ನೆಕ್ಕುವುದು, ಬಾಗಿಲಿನಿಂದ ಕಿಟಕಿಗೆ ಕಿಟಕಿಯಿಂದ ಬಾಗಿಲಿಗೆ ತಿರುಗಾಟ, ಇವು ಕಂಡರೆ ಆ ದಿನದ ಗಡುವು ಹೆಚ್ಚಾಯಿತೆಂದೇ ಅರ್ಥ. ಮೊದಮೊದಲು ರಬ್ಬರಿನ ಆಟಿಕೆಯೊಳಗೆ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಡುತ್ತಿದ್ದೆ, ಉಪ್ಪಿಲ್ಲದ ಸಪ್ಪೆ ಮೊಸರನ್ನ, ಒಗ್ಗರಣೆಯಿಲ್ಲ, ಈರುಳ್ಳಿಯಂತೂ ನಾಯಿಗೆ ವಿಷವೇ. ಅವಳು ಅದನ್ನು ನೆಕ್ಕುತ್ತ ಆರು ನಿಮಿಷ ಹಾಯಾಗಿರುವುದನ್ನು ನೋಡಿ ಆರು ನಿಮಿಷ ಗೆದ್ದೆನೆಂದು ಹಿಗ್ಗಿದೆ. ಮೊಸರು ಮುಗಿದ ಏಳನೆಯ ನಿಮಿಷಕ್ಕೆ ತಲೆ ಎತ್ತಿ, ಸುತ್ತ ನೋಡಿ, ಆಗಷ್ಟೇ ನಾನಿಲ್ಲವೆಂದು ಕಂಡುಕೊಂಡು ಊಳಿಟ್ಟಳು. ತಿನಿಸು ಭಯವನ್ನು ಮರೆಸುತ್ತದೆ, ಕಳೆಯುವುದಿಲ್ಲ. ಅಲ್ಲಿಂದ ಮುಂದೆ ಪಾಠದ ಹೊತ್ತಿನಲ್ಲಿ ತಿನಿಸು ಕೊಡುವುದನ್ನು ನಿಲ್ಲಿಸಿ, ಅದನ್ನು ನಾನು ಮನೆಯಲ್ಲಿದ್ದಾಗ ಅವಳನ್ನು ಅಡ್ಡಗೇಟಿನ ಆಚೆ ಕೂರಿಸುವುದಕ್ಕೆ ಮಾತ್ರ ಇಟ್ಟುಕೊಂಡೆ.

ಒಂದು ಶನಿವಾರ ನಮ್ಮ ಮನೆಯವರು ಮನೆಯಲ್ಲಿದ್ದಾಗಲೇ ಅವಳು ಚಪ್ಪಲಿಯೊಂದನ್ನು ಹರಿದುಹಾಕಿದಳು. "ನೋಡು, ತಪ್ಪು ಮಾಡಿದೀನಿ ಅಂತ ಅವಳಿಗೇ ಗೊತ್ತು, ಹೇಗೆ ಮುಖ ಮುಚ್ಚಿಕೊಳ್ತಿದಾಳೆ" ಎಂದು ಅವರು ಗದರಿದರು. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ: ನಾಯಿ ತಪ್ಪು ಮಾಡಿರಲಿ ಬಿಡಲಿ, ಯಜಮಾನರು ಗದರಿದಾಗ ಆ ಮುಖ ಬರುತ್ತದೆ. ಅದು ಪಶ್ಚಾತ್ತಾಪವಲ್ಲ, ಎದುರಿಗಿರುವ ಸಿಟ್ಟಿಗೆ ತಗ್ಗುವ ರೀತಿ. ಬಾಗಿಲು ಕೆರೆದ ಮರಿಗೆ ನಾವು ಬಂದ ಮೇಲೆ ಶಿಕ್ಷೆ ಕೊಟ್ಟರೆ, ನಾವಿಲ್ಲದಿರುವುದರ ಭಯದ ಜೊತೆಗೆ ನಾವು ಬರುವುದರ ಭಯವೂ ಸೇರಿಕೊಳ್ಳುತ್ತದೆ. ಇನ್ನು ಬಂದ ಕೂಡಲೇ ನಾಯಿಯ ಕಡೆ ನೋಡಲೇಬಾರದು ಎಂಬ ಸಲಹೆಯನ್ನು ನಾನು ಪಾಲಿಸಲಿಲ್ಲ. ಮೆಲ್ಲಗೆ ಒಂದು ಮಾತಾಡಿಸಿ, ಕತ್ತು ಸವರಿ, ಹಿತ್ತಿಲಿಗೆ ಕರೆದೊಯ್ಯುತ್ತಿದ್ದೆ. ಅದರಿಂದ ಯಾವ ಹಾನಿಯೂ ಆಗಲಿಲ್ಲ.

ಬೀದಿಯವರ ಸಲಹೆಗಳಿಗಂತೂ ಕೊರತೆಯಿರಲಿಲ್ಲ. ಕಾಂಪೌಂಡಿನಲ್ಲಿ ಸರಪಳಿ ಹಾಕಿ ಕಟ್ಟಿ, ಬೊಗಳಿದರೆ ಶಾಕ್ ಹೊಡೆಯುವ ಪಟ್ಟಿ ಹಾಕಿ, ಜೊತೆಗೆ ಇನ್ನೊಂದು ಮರಿ ತನ್ನಿ. ಮೊದಲ ಎರಡಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ. ಮೂರನೆಯದರ ಬಗ್ಗೆ ಯೋಚಿಸಿದ್ದುಂಟು, ಆದರೆ ಕೊರತೆ ಇರುವುದು ಮನುಷ್ಯರದಾದಾಗ ಇನ್ನೊಂದು ನಾಯಿ ಅದನ್ನು ತುಂಬುವ ಭರವಸೆಯಿಲ್ಲ. ಇಬ್ಬರೂ ಸೇರಿ ಊಳಿಡುವ ಸಾಧ್ಯತೆಯೂ ಇದೆ.

ಐದು ನಿಮಿಷಕ್ಕೆ ತಲುಪಲು ಸುಮಾರು ಮೂರು ವಾರ ಬೇಕಾಯಿತು. ಐದರಿಂದ ಅರ್ಧ ಗಂಟೆಗೆ ಹತ್ತೇ ದಿನ. ಆರಂಭದ ಸೆಕೆಂಡುಗಳಲ್ಲಿ ತಾಳ್ಮೆ ಕಳೆದುಕೊಳ್ಳುವವರಿಗೆ ಈ ಲೆಕ್ಕವನ್ನು ತೋರಿಸಬೇಕೆನಿಸುತ್ತದೆ. ಮೇ ಕೊನೆಯಲ್ಲಿ ಒಂದು ಸಂಜೆ ನಲವತ್ತನೆಯ ನಿಮಿಷದಲ್ಲಿ ಗುಡುಗು ಶುರುವಾಗಿ, ಕರೆಂಟು ಹೋಗಿ, ವೈಫೈ ಜೊತೆಗೆ ನನ್ನ ವಿಡಿಯೊವೂ ಆರಿಹೋಯಿತು. ಮಳೆಯಲ್ಲಿ ನೆನೆದುಕೊಂಡು ಓಡಿ ಬಂದಾಗ ಹುರುಳಿ ದೀವಾನಿನ ಕೆಳಗೆ ನಡುಗುತ್ತಿದ್ದಳು. ಮರುದಿನ ಮತ್ತೆ ಎರಡು ನಿಮಿಷದಿಂದ ಆರಂಭಿಸಿದೆ, ಆದರೆ ಈ ಸಲ ನಾಲ್ಕೇ ದಿನದಲ್ಲಿ ಅರ್ಧ ಗಂಟೆಗೆ ಮರಳಿದಳು.

ಜೂನ್ 1 ಬಂದಾಗ ಅವಳ ಮಿತಿ ಒಂದೂವರೆ ಗಂಟೆ, ನನ್ನ ಕಾಲೇಜು ಆರೂವರೆ ಗಂಟೆ. ಮೂರೂವರೆ ತಿಂಗಳ ಮರಿ ಭಯವಿಲ್ಲದಿದ್ದರೂ ಉಚ್ಚೆಯನ್ನು ಅಷ್ಟು ಹೊತ್ತು ತಡೆಯಲಾರದು. ತಿಂಗಳಿಗೊಂದು ಗಂಟೆ ಎಂಬುದು ಸ್ಥೂಲವಾದ ಲೆಕ್ಕ. ಹಾಗಾಗಿ ದಿನವನ್ನು ತುಂಡುಮಾಡಿದೆವು. ಮನೆಗೆಲಸಕ್ಕೆ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ ಲಕ್ಷ್ಮಮ್ಮನವರನ್ನು ಕೇಳಿಕೊಂಡು ಹನ್ನೊಂದಕ್ಕೆ ಬರುವಂತೆ ಬದಲಿಸಿ ಸಂಬಳ ಹೆಚ್ಚಿಸಿದೆ. ಮಧ್ಯಾಹ್ನ ಅಜ್ಜಿ ಹತ್ತಿಯ ಡಬ್ಬಿಯೊಂದಿಗೆ ಬಂದು ಕೂರುತ್ತಿದ್ದರು. ನಾನು ಕೊನೆಯ ಅವಧಿ ಇಲ್ಲದ ದಿನ ಮೂರಕ್ಕೇ ಮನೆ ಸೇರುತ್ತಿದ್ದೆ. ಜುಲೈ ಮುಗಿಯುವ ಹೊತ್ತಿಗೆ ಮೂರು ಗಂಟೆ ಸಾಧ್ಯವಾಯಿತು, ಅಜ್ಜಿಯ ಕಾವಲನ್ನು ನಿಲ್ಲಿಸಿದೆವು. ಆಮೇಲೂ ಅವರು ಕೆಲವು ದಿನ ಅದೇ ಹೊತ್ತಿಗೆ ಬಂದು, "ಎಲ್‌ಕೆಜಿ ಮುಗೀತಾ?" ಎಂದು ಕಿಟಕಿಯಿಂದ ಇಣುಕಿ ಹೋಗುತ್ತಿದ್ದರು.

ದೀಪಾವಳಿಯ ಮೂರು ದಿನ ಪಟಾಕಿಯ ಸದ್ದಿನಲ್ಲಿ ಅವಳನ್ನು ಒಂಟಿಯಾಗಿ ಬಿಡಲೇ ಇಲ್ಲ. ಕಾಲೇಜು ತೆರೆದ ಮೇಲೆ ಒಂದು ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ಮತ್ತೆ ಹಳೆಯ ಲೆಕ್ಕಕ್ಕೆ ತಂದೆ. ಈಗ ಅವಳಿಗೆ ಒಂದು ವರ್ಷ ದಾಟಿದೆ. ನಾಲ್ಕು ಗಂಟೆಗಿಂತ ಹೆಚ್ಚು ಬಿಡುವುದಿಲ್ಲ, ನಡುವೆ ಲಕ್ಷ್ಮಮ್ಮ ಬಂದು ಹಿತ್ತಿಲಿಗೆ ಬಿಡುತ್ತಾರೆ. ವಿಡಿಯೊವನ್ನು ವಾರಕ್ಕೊಮ್ಮೆ ನೋಡುತ್ತೇನೆ. ನಾನು ಹೊರಟ ಎರಡು ನಿಮಿಷಕ್ಕೆ ಹಾಸಿಗೆಯಲ್ಲಿ ಸುತ್ತಿಕೊಳ್ಳುತ್ತಾಳೆ, ಕಸದ ಗಾಡಿ ಬಂದಾಗ ಒಮ್ಮೆ ಎದ್ದು ಬೊಗಳುತ್ತಾಳೆ, ನೀರು ಕುಡಿಯುತ್ತಾಳೆ, ಮಗ್ಗುಲು ಬದಲಿಸಿ ಮಲಗುತ್ತಾಳೆ. ಉಳಿದ ಮೂರೂವರೆ ಗಂಟೆಯಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ.