ಕೊಡಗಿನ ಮಳೆಗಾಲ: ಮನೆಯ ಬೂಷ್ಟು ಮೈಯ ರೋಗವಾಗದಂತೆ ಏನು ಮಾಡಬೇಕು?

ಕಕ್ಕಡ, ಅಂದರೆ ಜೋರು ಮಳೆಯ ಕೊಡವ ತಿಂಗಳು (ಜುಲೈ-ಆಗಸ್ಟ್), ಮುಗಿಯುವಷ್ಟರಲ್ಲಿ ಕೊಡಗಿನಲ್ಲಿ ಬೂಷ್ಟು ಹಿಡಿಯದ ವಸ್ತು ಸಿಗುವುದೇ ಕಷ್ಟ. ಚಪ್ಪಲಿ, ಬೆಲ್ಟು, ಬೀರುವಿನಲ್ಲಿ ಮಡಚಿಟ್ಟ ಸೀರೆ, ಗೋಡೆಯ ಮೂಲೆ, ಎಲ್ಲ ಕಡೆ ಮಚ್ಚೆ. ಇದನ್ನು ಪೂರ್ತಿ ಓಡಿಸುವುದು ಆಗದ ಮಾತು, ಅದರ ಅಗತ್ಯವೂ ಇಲ್ಲ. ಬೂಷ್ಟಿನ ಬೀಜಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ. ಆರೋಗ್ಯವಾಗಿರುವವರ ಮೈ ಅವನ್ನು ತಾನೇ ನಿಭಾಯಿಸುತ್ತದೆ. ಆದರೆ ಕೆಲವರಿಗೆ ಅದು ಆಗುವುದಿಲ್ಲ. ಅವರು ಯಾರು, ಬೂಷ್ಟಿನ ಧೂಳು ಯಾವ ಕೆಲಸದಲ್ಲಿ ಜಾಸ್ತಿ ಏಳುತ್ತದೆ ಎಂದು ತಿಳಿದು, ಅವರನ್ನು ಆ ಕೆಲಸದಿಂದ ದೂರ ಇಡಬೇಕು. ಉಳಿದದ್ದೆಲ್ಲ ಆಮೇಲೆ.

ಮೊದಲು ಮನೆಯವರನ್ನು ನೋಡಿ. ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು, ಹಿಂದೆ ಟಿಬಿ ಆಗಿ ಶ್ವಾಸಕೋಶದಲ್ಲಿ ಗುಳಿ ಉಳಿದವರು, ಕೀಮೋ ತೆಗೆದುಕೊಳ್ಳುತ್ತಿರುವವರು, ಕಿಡ್ನಿ ಕಸಿ ಆದವರು, ಬಹಳ ದಿನ ಸ್ಟೀರಾಯ್ಡ್ ಮಾತ್ರೆ ನುಂಗುವವರು ಇದ್ದಾರಾ? ಅಸ್ತಮಾ ಇದ್ದವರಿಗೂ ಬೂಷ್ಟಿನಿಂದ ಉಬ್ಬಸ ಹೆಚ್ಚುತ್ತದೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಬ್ಲ್ಯಾಕ್ ಫಂಗಸ್ ನೆನಪಿದೆ ಅಲ್ವಾ? ಆ ಬೂಷ್ಟು ಹೊಸದಾಗಿ ಎಲ್ಲಿಂದಲೋ ಬಂದದ್ದಲ್ಲ. ಮಣ್ಣು, ತರಗೆಲೆ, ಗೊಬ್ಬರದಲ್ಲಿ ಮೊದಲಿನಿಂದಲೂ ಇತ್ತು. ಕೋವಿಡ್, ಏರಿದ ಸಕ್ಕರೆ, ಸ್ಟೀರಾಯ್ಡ್ ಒಟ್ಟಿಗೆ ಸೇರಿದಾಗ ಅದಕ್ಕೆ ದಾರಿ ಸಿಕ್ಕಿತು. ಹಾಗಾಗಿ ಸಕ್ಕರೆ ಹತೋಟಿಯಲ್ಲಿಡುವುದೂ ಬೂಷ್ಟು ತಡೆಯುವ ಕೆಲಸವೇ.

ಗೊಬ್ಬರದ ರಾಶಿಗೆ ಕೈಹಾಕುವ ಮುಂಚೆ. ನನಗೆ ಹೆಚ್ಚು ಚಿಂತೆ ಇರುವುದು ಗೋಡೆಯ ಬಗ್ಗೆ ಅಲ್ಲ, ತೋಟದ ರಾಶಿಗಳ ಬಗ್ಗೆ. ಕಾಫಿ ಹಣ್ಣಿನ ಸಿಪ್ಪೆ, ಕಾಂಪೋಸ್ಟ್, ಒದ್ದೆಯಾಗಿ ಒಣಗಿದ ಬತ್ತದ ಹುಲ್ಲು ಇವೆಲ್ಲ ಆಸ್ಪರ್ಜಿಲಸ್ ಎಂಬ ಬೂಷ್ಟಿಗೆ ಒಳ್ಳೆಯ ಮನೆ. ಇದರ ಫ್ಯುಮಿಗೇಟಸ್ ಜಾತಿ 50 ಡಿಗ್ರಿ ಬಿಸಿಯಲ್ಲೂ ಬೆಳೆಯುತ್ತದೆ. ರಾಶಿಯ ಕಾವನ್ನೇ ತಾಳಿಕೊಳ್ಳುವ ಬೂಷ್ಟಿಗೆ ನಮ್ಮ ಮೈಯ 37 ಡಿಗ್ರಿ ಏನೂ ಅಲ್ಲ. ಬೀಜಕಣದ ಗಾತ್ರ 2ರಿಂದ 3 ಮೈಕ್ರಾನ್ ಅಷ್ಟೇ, ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಇದನ್ನು ಮೊದಲ ಗುಂಪಿನಲ್ಲೇ ಇಟ್ಟಿದೆ.

ರಾಶಿ ಮಗುಚುವ ಮುಂಚೆ ನೀರು ಚಿಮುಕಿಸಿ, ಧೂಳು ಏಳಬಾರದು. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುವ ಹಾಗೆ ನಿಂತುಕೊಳ್ಳಿ. ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು, ಮೂಗಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಗಡ್ಡ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸಿ, ಸ್ನಾನ ಮಾಡಿ. ತೋಟದ ಮಾಲೀಕರಿಗೆ ಒಂದು ಮಾತು: ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರಿಗೂ ಮಾಸ್ಕ್ ನೀವೇ ತಂದುಕೊಡಿ. ದಿನವಿಡೀ ಆ ಧೂಳಿನಲ್ಲಿ ನಿಲ್ಲುವವರು ಅವರು. ಮೇಲೆ ಹೇಳಿದ ತೊಂದರೆ ಇರುವವರನ್ನು ಈ ಕೆಲಸಕ್ಕೆ ಹಚ್ಚಲೇಬೇಡಿ.

ಮನೆಯಲ್ಲಿ ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಒಡೆದ ಹಂಚು, ಕಸ ಕಟ್ಟಿಕೊಂಡ ಸೂರಿನ ದೋಣಿ, ನೆಲದಿಂದ ಏರುವ ತೇವ. ಇದನ್ನು ಸರಿಮಾಡದೆ ಸುಮ್ನೆ ಪೇಂಟ್ ಹೊಡೆದರೆ ಮುಂದಿನ ಮಳೆಗೆ ಮಚ್ಚೆ ಮತ್ತೆ ಬರುತ್ತದೆ. ನೆನೆದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿ. ಮಂಚ, ಬೀರುಗಳನ್ನು ಹೊರಗೋಡೆಯಿಂದ ಒಂದು ಗೇಣು ಆಚೆ ಇಡಿ. ಕಾಯಿಲೆಯವರು ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ.

ಬೂಷ್ಟನ್ನು ಒಣ ಪೊರಕೆಯಿಂದ ಉಜ್ಜಬೇಡಿ, ಕಣಗಳು ಮನೆಯೆಲ್ಲ ಹಾರುತ್ತವೆ. ಸೋಪಿನ ನೀರಲ್ಲಿ ನೆನೆಸಿ ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚ್ ಬಳಸಿದರೆ ಕಿಟಕಿ ತೆರೆದಿರಲಿ. ಅದನ್ನು ಟಾಯ್ಲೆಟ್ ಕ್ಲೀನರ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬೂಷ್ಟು ಒಳಗಿಳಿದ ಹತ್ತಿಯ ಹಾಸಿಗೆ, ದಿಂಬು ಉಳಿಸಿಕೊಳ್ಳಬೇಡಿ. ಈ ಕೆಲಸಕ್ಕೆ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿನ ಬಿಸಿಲು ಒಳ್ಳೆಯದು. ಆ ದಿನ ಕಾಯಿಲೆಯವರು ನೆಂಟರ ಮನೆಯಲ್ಲಿರಲಿ.

ಆಸ್ಪತ್ರೆಗೆ ಯಾವಾಗ? ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಆಂಟಿಬಯಾಟಿಕ್‌ಗೆ ಬಗ್ಗದ ಜ್ವರ ಇದ್ದರೆ ಕಾಯಬೇಡಿ. ಮೊದಲು ಟಿಬಿ ಪರೀಕ್ಷೆ ಮಾಡಿಸುತ್ತಾರೆ, ಅದು ಸರಿಯೇ. ಅದರಲ್ಲಿ ಏನೂ ಸಿಗದೆ ಕೆಮ್ಮು ನಿಲ್ಲದಿದ್ದರೆ, ಬೂಷ್ಟಿನ ಸೋಂಕು ಇರಬಹುದೇ ಎಂದು ನೀವೇ ಕೇಳಿ. ನೀವು ಮಾಡುವ ಕೆಲಸವನ್ನೂ ಹೇಳಿ. ಸಕ್ಕರೆ ಕಾಯಿಲೆಯವರಿಗೆ ಮುಖದ ಒಂದೇ ಬದಿ ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ, ಒಂದು ಎರಡಾಗಿ ಕಾಣುವುದು ಶುರುವಾದರೆ ಅದೇ ದಿನ ಹೋಗಬೇಕು.

ಕಣ್ಣಿನ ವಿಷಯ ಬೇರೆ. ಇಲ್ಲಿ ಗಟ್ಟಿಮುಟ್ಟಾದವರಿಗೂ ಅಪಾಯ. ಬತ್ತದ ಗರಿ, ಕಾಫಿ ಗಿಡದ ರೆಂಬೆ ತಗುಲಿ ಕಣ್ಣು ಗೀರಿದರೆ ಬೂಷ್ಟು ಅಲ್ಲೇ ಬೇರೂರಿ ದೃಷ್ಟಿ ಹೋಗಬಹುದು. ಕಳೆ ಕತ್ತರಿಸುವ ಯಂತ್ರ ಹಿಡಿದಾಗ ಕನ್ನಡಕ ಹಾಕಿ. ಗೀರಿದರೆ ಉಜ್ಜದೆ, ಶುದ್ಧ ನೀರಲ್ಲಿ ತೊಳೆದು, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಂಡರೂ ಒಳಗೆ ಬೂಷ್ಟು ಇನ್ನೂ ಬೇಗ ಹಬ್ಬುತ್ತದೆ.