ಮೊದಲು ಕುರಿ, ಹಿಂದೆ ಕೋಳಿ

ಹಣ್ಣಿನ ತೋಟದಲ್ಲಿ ಕುರಿ, ಕೋಳಿ ಮೇಯಿಸಬಹುದು, ಆಡು ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂಗಾಲ ಮೇಲೆ ನಿಂತು ಚಿಗುರು ಎಳೆಯುತ್ತದೆ, ತೊಗಟೆ ಸುಲಿಯುತ್ತದೆ. ಸುತ್ತಲೂ ತೊಗಟೆ ಹೋದ ಮರ ಉಳಿಯುವುದಿಲ್ಲ. ಕುರಿ ಪರವಾಗಿಲ್ಲ, ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ. ಆದರೂ ಹುಲ್ಲು ಕಮ್ಮಿಯಾದಾಗ ಅದೂ ತೊಗಟೆಗೆ ಬಾಯಿ ಹಾಕುತ್ತದೆ. ಎಳೆ ಗಿಡಗಳಿಗೆಲ್ಲ ನಾನು ತಂತಿ ಬಲೆ ಸುತ್ತಿದ್ದೇನೆ.

ನನ್ನದು ಮಾವಿನ ತೋಟ. ಬೇಲಿ ಹಾಕಿ ತುಂಡು ಮಾಡಿಕೊಂಡಿದ್ದೇನೆ. ಒಂದು ತುಂಡಿಗೆ ಮೊದಲು ಕುರಿ ಬಿಡುತ್ತೇನೆ. ಹುಲ್ಲು 5 ಸೆಂಟಿಮೀಟರ್‌ಗೆ ಇಳಿಯುವ ಮುಂಚೆಯೇ ಅವನ್ನು ಮುಂದಿನ ತುಂಡಿಗೆ ಎಬ್ಬಿಸುತ್ತೇನೆ. ಜಂತುಹುಳದ ಮರಿಗಳು ಹೆಚ್ಚಾಗಿ ಹುಲ್ಲಿನ ಬುಡದಲ್ಲೇ ಇರುತ್ತವೆ, ಬುಡದವರೆಗೆ ಮೇಯಿಸಿದಷ್ಟೂ ಕುರಿಯ ಹೊಟ್ಟೆಗೆ ಹುಳ ಜಾಸ್ತಿ. ಕುರಿ ಹೋದ ಮೇಲೆ ಕೋಳಿ. ಎತ್ತರದ ಹುಲ್ಲಿನಲ್ಲಿ ಕೋಳಿ ಓಡಾಡಲು ಹಿಂಜರಿಯುತ್ತದೆ. ಗಿಡ್ಡ ಹುಲ್ಲು ಸಿಕ್ಕರೆ ಇಡೀ ದಿನ ಕೆದಕುತ್ತದೆ.

ಆ ಕೆದಕಾಟವೇ ನನಗೆ ಬೇಕಾದದ್ದು. ಹಣ್ಣುನೊಣದ ಹುಳು ಉದುರಿದ ಹಣ್ಣಿನಿಂದ ಹೊರಬಂದು, ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶ ಕಟ್ಟುತ್ತದೆ. ಕೋಳಿಗೆ ಅದು ಹಬ್ಬದೂಟ. ಹಾಗಂತ ನೊಣ ಪೂರ್ತಿ ಹೋಗಲ್ಲ, ಆಚೆಯ ಮರಗಳಿಂದ ಮತ್ತೆ ಹಾರಿ ಬರುತ್ತದೆ ಅಲ್ವಾ? ಗಂಡು ನೊಣವನ್ನು ಸೆಳೆಯುವ ಮಿಥೈಲ್ ಯೂಜಿನಾಲ್ ಹಾಕಿದ ಬಲೆಗಳನ್ನು ನಾನು ಈಗಲೂ ಕಟ್ಟುತ್ತೇನೆ.

ಕೊಯ್ಲಿಗೆ ಮುಂಚಿನ 90 ದಿನ ಆ ತುಂಡಿಗೆ ಯಾವ ಪ್ರಾಣಿಯೂ ಇಲ್ಲ. ಹಸಿ ಗೊಬ್ಬರದಲ್ಲಿ ರೋಗಾಣು ಇರುತ್ತದೆ. ಮಣ್ಣಿಗೆ ತಾಗದ ಬೆಳೆಗೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ ಅಮೆರಿಕದ ಸಾವಯವ ನಿಯಮ ಹೇಳುವ ಅಂತರವೂ ಇದೇ. ಆ ದಿನಗಳಲ್ಲಿ ಉದುರಿದ ಹಣ್ಣನ್ನು ಕೈಯಲ್ಲೇ ಆರಿಸಿ ಕುರಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ಒಮ್ಮೆಲೇ ರಾಶಿ ಸುರಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ಕುರಿ ಮಲಗಿಬಿಡುತ್ತದೆ. ಕೊಯ್ಲು ಮುಗಿದ ಮೇಲೆ ಗೇಟು ತೆಗೆಯುತ್ತೇನೆ.

ಕೋಳಿಗೂಡಿಗೆ ಚಕ್ರ ಇದೆ. ಒಂದೇ ಕಡೆ ನಿಲ್ಲಿಸಿದರೆ ಹಿಕ್ಕೆ ಒಂದೇ ಮರದ ಬುಡಕ್ಕೆ ಬಿದ್ದು ಸಾರಜನಕ ಅತಿಯಾಗುತ್ತದೆ, ಮರ ಎಲೆ ಬಿಡುತ್ತಾ ಹೂವು ಮರೆಯುತ್ತದೆ. ಸಣ್ಣ ಗಿಡದ ಬುಡಕ್ಕೆ ಹಾಸಿದ ಒಣಹುಲ್ಲು-ಎಲೆಯ ಮುಚ್ಚಿಗೆಯನ್ನೂ ಕೋಳಿ ಚೆಲ್ಲಾಡುತ್ತದೆ, ಸುತ್ತ ದಪ್ಪ ಕಲ್ಲು ಜೋಡಿಸಿದರೆ ಸುಮ್ನಿರುತ್ತದೆ. ಅಂಚಿನಲ್ಲಿ ಒಂದು ಸಾಲು ಬೆಣ್ಣೆಹಣ್ಣಿನ ಮರಗಳಿವೆ. ಅದರ ಎಲೆಯಲ್ಲಿರುವ ಪರ್ಸಿನ್ ಕೋಳಿಗೂ ಕುರಿಗೂ ವಿಷ. ಅಲ್ಲಿಗೆ ಬೇಲಿ ಶಾಶ್ವತ.

ನನಗೆ ಹೆಚ್ಚು ಭಯ ತಾಮ್ರದ್ದು. ಶಿಲೀಂಧ್ರ ರೋಗಕ್ಕೆ ಮರಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿ ತಾಮ್ರವಿದೆ. ಕುರಿಯ ಯಕೃತ್ತಿನಲ್ಲಿ ತಾಮ್ರ ಸದ್ದಿಲ್ಲದೆ ಕೂಡುತ್ತಾ ಹೋಗಿ, ಒಂದು ದಿನ ರಕ್ತಕ್ಕೆ ನುಗ್ಗುತ್ತದೆ. ಆಮೇಲೆ ಉಳಿಸುವುದು ಕಷ್ಟ. ಸಿಂಪಡಿಸಿದ ತುಂಡಿಗೆ, ಮಳೆ ಬಿದ್ದು ಹುಲ್ಲು ಹೊಸದಾಗಿ ಚಿಗುರುವವರೆಗೆ, ಕುರಿ ಬಿಡುವುದೇ ಇಲ್ಲ.

ಕೋಳಿ ಆಹಾರದಲ್ಲೂ ತಾಮ್ರ ಸೇರಿಸಿರುತ್ತಾರೆ, ಕಾಳೂ ಜಾಸ್ತಿ, ಎರಡೂ ಕುರಿಗೆ ಒಳ್ಳೆಯದಲ್ಲ. ತೋಟದಲ್ಲಿ ಮೇದರೂ ಕೋಳಿಗೆ ಈ ಆಹಾರ ಬೇಕೇ ಬೇಕು. ಮೊಟ್ಟೆ ಇಡುವ ಕೋಳಿ ದಿನಕ್ಕೆ 110-120 ಗ್ರಾಂ ತಿನ್ನುತ್ತದೆ, ಹುಳ-ಹುಲ್ಲಿನಿಂದ ಅದರಲ್ಲಿ ಸ್ವಲ್ಪ ಉಳಿತಾಯ ಅಷ್ಟೇ. ತೊಟ್ಟಿಯ ವಾಸನೆ ಹಿಡಿದ ಕುರಿ ಬೇಲಿಯನ್ನೇ ತಳ್ಳುತ್ತದೆ. ಅದಕ್ಕೇ ಕೋಳಿ ಮಾತ್ರ ತೂರುವ ಸಂದಿ ಬಿಟ್ಟು, ತೊಟ್ಟಿಯ ಸುತ್ತ ಕಟಕಟೆ ಹಾಕಿದ್ದೇನೆ. ಕುರಿ ಮರಿ ಹಾಕುವ ಕಾಲದಲ್ಲಿ, ಮರಿ ನುಸುಳದಂತೆ, ಆ ಸಂದಿಗೂ ಒಂದು ಅಡ್ಡಪಟ್ಟಿ ಹೊಡೆಯುತ್ತೇನೆ.